ಅಳುವಿನ ಮುಂದೆ ನಿಂತವಳು

ಹತ್ತಿರ ಬಾ ತಾಯಿ. ಇನ್ನೂ ಹತ್ತಿರ. ಆ ಕದ ಸ್ವಲ್ಪ ಮುಂದೆ ಮಾಡು, ಪೂರ್ತಿ ಹಾಕಬೇಡ. ಪೂರ್ತಿ ಹಾಕಿದ ಕದ ಕಂಡರೆ ಬೀದಿಗೆ ಅನುಮಾನ ಬರುತ್ತದೆ. ನಾನು ಈಗ ಹೇಳುವುದು ನಿನ್ನ ಕಿವಿಯಲ್ಲಿ ಬಿದ್ದು ನಿನ್ನ ಹೊಟ್ಟೆಯಲ್ಲೇ ಕರಗಬೇಕು. ಗಂಡನಿಗೂ ಹೇಳಬೇಡ, ಗಂಡಸರ ಬಾಯಿ ತೂತು ಬಿದ್ದ ಕೊಡ. ನಾನಂತೂ ಇದುವರೆಗೆ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಹೂ ಕಟ್ಟುವವಳಿಗೆ ಹೇಳಿದ್ದೇನೆ, ಅವಳು ಲೆಕ್ಕಕ್ಕಿಲ್ಲ. ಅವಳು ಹೋಗಿ ತನ್ನ ತಂಗಿಗೆ ಹೇಳಿಕೊಂಡರೆ ಅದು ನನ್ನ ಪಾಪವೇ?

ನೀನು ಹೊರಗಿನಿಂದ ಬಂದವಳು, ನಮ್ಮ ಊರಿನ ಕಟ್ಟಳೆ ನಿನಗೆ ತಿಳಿಯದು. ನಮ್ಮಲ್ಲಿ ಯಾವ ಕೆಲಸವೂ ತನ್ನಷ್ಟಕ್ಕೆ ಆಗುವುದಿಲ್ಲ. ಎಮ್ಮೆ ಕೊಳ್ಳಲಿ, ಬಾವಿ ತೋಡಲಿ, ಮದುವೆಯಾಗಲಿ, ಸಾಲು ಕಟ್ಟಿಕೊಂಡು ಕಟ್ಟೆಯ ಮುಂದೆ ಹಾಯ್ದು ಹೋಗಬೇಕು. ಮಾಡುವವರು ಮುಂದೆ. ಏನನ್ನು ಮಾಡುತ್ತಾರೋ ಅದು ಅವರ ಹಿಂದೆ. ಎಮ್ಮೆಯಾದರೆ ಎಮ್ಮೆ, ಬಾವಿಯಾದರೆ ಒಂದು ಬುಟ್ಟಿ ಮಣ್ಣು. ಎಲ್ಲರಿಗಿಂತ ಕೊನೆಗೆ ದೊಡ್ಡ ಗಂಟೆಯವನು. ಅವನು ಬಾರಿಸುವ ತನಕ ಏನೂ ಆಗಿಲ್ಲ. ಎಮ್ಮೆಯನ್ನು ಕೊಂಡನೋ ಮಾರಿದನೋ ಓಡಿಸಿದನೋ, ಆ ಗಂಟೆ ಬೀಳುವ ತನಕ ದೇವರಿಗೂ ಗೊತ್ತಿಲ್ಲ. ಅದಕ್ಕೇ ನಮ್ಮವರು ನಡುವೆ ಎದ್ದು ಹೋಗುವವರಲ್ಲ. ಕೊನೆಯ ತನಕ ಕೂತು ನೋಡುವ ಚಟ ನಮಗೆ ತಾಯಿಹಾಲಿನ ಜೊತೆಗೇ ಬಂದದ್ದು.

ಗಂಟೆಯವನ ಮುಂದೆ, ಅವನಿಗೆ ಭುಜ ತಾಗಿಸಿ, ಒಬ್ಬರು ನಿಲ್ಲಬೇಕು. ಅವರೇ ಹೇಗಿನವರು. ಕೆಲಸ ಹೇಗೆ ಆಯಿತು ಎಂಬುದನ್ನು ಮೈಮೇಲೆ ಹೊತ್ತು ನಿಲ್ಲುವುದೇ ಅವರ ಕಸುಬು. ಮೆಲ್ಲಗೆ ಎಂಬ ಮುದುಕಿ ಇದ್ದಳು, ಬೆಳಿಗ್ಗೆ ಕರೆದರೆ ಮಧ್ಯಾಹ್ನ ಬರುವವಳು. ಸರಸರ ಎಂಬ ಅವಳಿಗಳಿದ್ದರು, ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಯಾರೂ ಕಂಡಿಲ್ಲ. ಚೆಂದ ಎಂಬುವಳು ಉಳಿದ ಹೊತ್ತಿನಲ್ಲಿ ಎಲ್ಲರ ಹಾಗೆ ಮನೆಯಲ್ಲಿ ಅಕ್ಕಿ ಆರಿಸಿಕೊಂಡಿರುವಳು, ಕರೆ ಬಂದಾಗ ಒಂದು ಶಾಲು ಹೊದ್ದುಕೊಂಡು ಹೇಗಿನವಳಾಗಿಬಿಡುವಳು. ಹೇಗೋ ಎಂಬವನು ರುಮಾಲು ಜಾರಿಸಿಕೊಂಡು, ಕರೆಯದಿದ್ದರೂ ಬರುತ್ತಿದ್ದ. ಬಹುಶಃ ಎಂಬವನ ರೀತಿಯೇ ಬೇರೆ. ಅವನು ಕೊಡೆ ಹಿಡಿದು ಎಲ್ಲರಿಗಿಂತ ಮುಂದೆ, ಮಾಡುವವರಿಗಿಂತಲೂ ಮುಂದೆ ನಡೆಯುತ್ತಿದ್ದ. ಅವನು ಬಂದನೆಂದರೆ ಇಡೀ ಸಾಲಿನ ಮೇಲೆ ನೆರಳು. ಮದುವೆಗೆ ಮಾತ್ರ ಅವನನ್ನು ಕರೆಯುತ್ತಿರಲಿಲ್ಲ. ಕರೆಯಬೇಕಿತ್ತು.

ಹೇಗಿನವರಿಲ್ಲದೆ ಗಂಟೆ ಬಿದ್ದರೆ ಅದು ಬೋಳು ಕೆಲಸ. ಬೋಳು ಕೆಲಸ ಊರೊಳಗೆ ನಡೆದುಹೋಗುತ್ತದೆ, ಯಾರು ಕೇಳುತ್ತಾರೆ. ಆದರೆ ಅದು ನದಿ ದಾಟುವುದಿಲ್ಲ. ದೋಣಿಯವನು ಹತ್ತಿಸುವುದಿಲ್ಲ. ಬೋಳು ಕೆಲಸ ಹತ್ತಿಸಿದ ದೋಣಿ ನಡುನೀರಿನಲ್ಲಿ ಎಮ್ಮೆಯ ಹಾಗೆ ಕೂತುಬಿಡುತ್ತದೆಂದು ಅವನ ಅಜ್ಜ ಹೇಳಿದ್ದನಂತೆ.

ಇನ್ನೊಂದು ಮಾತು ಕೇಳು. ಒಂದು ಮಾಡಿ ಇನ್ನೊಂದು ಮಾಡುವುದಿದ್ದರೆ ಸಾಲಿನ ನಡುವೆ ಸಣ್ಣ ಗಂಟೆಯವನೂ ಇರುತ್ತಾನೆ. ಸಣ್ಣ ಗಂಟೆ ಬಿದ್ದರೆ ಮುಗಿಯಿತು ಎಂದಲ್ಲ, ಇನ್ನೂ ಇದೆ ಕೂತಿರಿ ಎಂದು. ಹೇಗಿನವರು ಯಾವ ಗಂಟೆಯ ಮುಂದೆ ನಿಂತರೋ ಆ ಕೆಲಸಕ್ಕೇ ಅಂಟುತ್ತಾರೆ. ಒಂದು ಹೆಜ್ಜೆ ಆಚೀಚೆಯಾದರೆ ಬದುಕೇ ಆಚೀಚೆ. ಒಮ್ಮೆ ಒಬ್ಬ ಕಳ್ಳ (ಕಳ್ಳನಿಗೂ ನಮ್ಮಲ್ಲಿ ಸಾಲು ತಪ್ಪಿದ್ದಲ್ಲ) ಮೆಲ್ಲಗೆಯನ್ನೂ ಸರಸರ ಅವಳಿಗಳನ್ನೂ ಗೊತ್ತುಮಾಡಿಕೊಂಡ. ಒಳಹೋಗುವ ಸಣ್ಣ ಗಂಟೆಯ ಮುಂದೆ ಮೆಲ್ಲಗೆ, ಓಡುವ ದೊಡ್ಡ ಗಂಟೆಯ ಮುಂದೆ ಸರಸರ, ಹಾಗೆಂದು ಮಾತು. ಮುದುಕಿ ಬಂದು ಮುಟ್ಟುವುದರೊಳಗೆ ಅವಳಿಗಳು ನುಗ್ಗಿ ಅವಳ ಜಾಗದಲ್ಲಿ ನಿಂತಾಗಿತ್ತು. ಉಳಿದ ಜಾಗದಲ್ಲಿ ಮುದುಕಿ ನಿಂತಳು. ಕಳ್ಳ ಸರಸರ ಒಳಗೆ ಹೋಗಿ, ಮೆಲ್ಲಗೆ ಓಡಿದ. ಮನೆಯವನು ಎದ್ದು, ಮುಖ ತೊಳೆದು, ಎಲೆಯಡಿಕೆ ಹಾಕಿಕೊಂಡು, ಹೊಸ್ತಿಲ ಹತ್ತಿರ ಹೋಗಿ ಅವನನ್ನು ಹಿಡಿದುಕೊಂಡ.

ಮುಂದೆ ಮಾಡುವವರು, ಕೊನೆಗೆ ಗಂಟೆ, ಗಂಟೆಗೆ ಭುಜ ತಾಗಿ ಹೇಗೆ. ಇಷ್ಟೇ ನಮ್ಮ ಧರ್ಮ.

ನದಿಯಾಚೆಯವರ ಸಾಲೇ ಬೇರೆ. ಅಲ್ಲಿ ಮಾಡುವವನು ಮುಂದೆ, ಅವನ ಬೆನ್ನಿಗೇ ಗಂಟೆ. ಕಾಲು ಎತ್ತಿಡುವ ಮೊದಲೇ ಢಣ್ ಎಂದು ಕೆಲಸ ಆಗಿಹೋಗುತ್ತದೆ. ಏನನ್ನು, ಎಲ್ಲಿ, ಎಂಬುದೆಲ್ಲ ಆಮೇಲೆ ಬರುತ್ತದೆ. ಅವರ ಹೇಗಿನವರು ಒಂದೇ ನಮೂನೆಯ ಕುಚ್ಚಿನ ಟೊಪ್ಪಿ ಹಾಕಿಕೊಂಡು ಬಾಲದಲ್ಲಿ ಬರುತ್ತಾರೆ. ಮನಸ್ಸು ಬಂದರೆ ಗಂಟೆಯ ಮುಂದೆ ನುಸುಳುತ್ತಾರೆ, ಇನ್ನೂ ಮನಸ್ಸು ಬಂದರೆ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತಾರೆ. ಹೇಳುವವರಿಲ್ಲ ಕೇಳುವವರಿಲ್ಲ. ಬೆಟ್ಟದವರದು ಇನ್ನೂ ಚೋದ್ಯ. ಅವರ ಗಂಟೆಯವನು ಹೇಗಿನವನನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತಾನಂತೆ. ನಾನು ನೋಡಿಲ್ಲ. ನೋಡದ್ದನ್ನು ನಾನು ಹೇಳುವವಳಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಪಕ್ಕದ ಮನೆಯವಳು ಮನಸಾರೆ. ಗೋಡೆಗೆ ಗೋಡೆ, ಅವಳು ಸೀನಿದರೆ ನನ್ನ ದೀಪ ಅಲ್ಲಾಡುತ್ತದೆ. ಅವಳೂ ಹೇಗಿನವಳೇ. ಊರಿನಲ್ಲಿ ಮನಸಾರೆ ಎಂಬ ಮನೆತನದವಳು ಅವಳೊಬ್ಬಳೇ, ಯಾರ ಮದುವೆಯಾದರೂ ಅವಳೇ ನಿಲ್ಲಬೇಕು. ಹೆಸರೇನೋ ಮನಸಾರೆ; ಒಂದು ಹಿಡಿ ಕರಿಬೇವು ಕೇಳಿದರೆ ನನಗೆ ಮನಸಾರೆ ಕೊಟ್ಟವಳಲ್ಲ, ಕಡ್ಡಿ ಎಣಿಸಿ ಕೊಡುತ್ತಾಳೆ.

ನಮ್ಮ ಮದುವೆಯಲ್ಲಿ ಎರಡು ಸಾಲು. ಮೊದಲು ಗಂಡಿನದು. ಗಂಡು ಹೆಣ್ಣಿನ ಮನೆಯ ಅನ್ನ ಉಂಡು ಮದುವೆಯಾಗಬೇಕು; ಊಟಕ್ಕೆ ಸಣ್ಣ ಗಂಟೆ, ಮದುವೆಗೆ ದೊಡ್ಡ ಗಂಟೆ. ಆಮೇಲೆ ಹೆಣ್ಣಿನದು. ಹೆಣ್ಣು ಅತ್ತು ಮದುವೆಯಾಗಬೇಕು. ಅಳುವಿಗೆ ಸಣ್ಣ ಗಂಟೆ, ಮದುವೆಗೆ ದೊಡ್ಡ ಗಂಟೆ. ಎರಡು ಸಾಲಿನಲ್ಲೂ ಮನಸಾರೆ ನಿಲ್ಲುವುದು ಗಂಟೆಗಳ ನಡುವೆ, ದೊಡ್ಡದಕ್ಕೆ ಭುಜ ತಾಗಿಸಿ. ಅವನು ಉಂಡು ಮನಸಾರೆ ಮದುವೆಯಾದ. ಅವಳು ಅತ್ತು ಮನಸಾರೆ ಮದುವೆಯಾದಳು. ಊರಿಗೂರೇ ಹೀಗೆ ಮದುವೆಯಾದದ್ದು. ಸಾಲಿನ ತಲೆಯಲ್ಲಿ ಹೋಗುವವರು ಹಿಂದೆ ತಿರುಗಿ ನೋಡಬಾರದು, ನೋಡಿದರೆ ಸಾಲು ಮುರಿದಂತೆ.

ಗಾಣದವನಿಗೆ ಒಬ್ಬಳೇ ಮಗಳು. ಎತ್ತಿಗಿಂತ ಚೆನ್ನಾಗಿ ಗಾಣ ನಡೆಸುವವಳು, ಎತ್ತಿಗಿಂತ ಹಟಮಾರಿ. ಆಚೆ ದಡದ ಉಪ್ಪಿನ ಯಜಮಾನ ಒಂದು ದಿನ ದೋಣಿಯಿಂದ ಇಳಿದವನು ಅವಳು ಹಿಂಡಿ ಹೊತ್ತು ಹೋಗುವುದನ್ನು ಕಂಡ. ಇಬ್ಬರು ಹೆಂಡತಿಯರನ್ನು ಮುಗಿಸಿದವನು. ಮೊದಲನೆಯವಳು ಉಪ್ಪಿನ ಗದ್ದೆಯಲ್ಲಿ ಕಣ್ಣು ಕಳೆದುಕೊಂಡು ಸತ್ತಳು, ಎರಡನೆಯವಳು ಮೂಟೆ ಹೊತ್ತು ಸತ್ತಳು. ಅವನು ಕಟ್ಟೆಗೆ ಹೋಗಿ ಹೇಳಿದ, "ಹುಡುಗಿ ಬಂದರೆ ಉಪ್ಪು ಬರುತ್ತದೆ. ಹುಡುಗಿ ಬರದಿದ್ದರೆ ಸಪ್ಪೆ ತಿನ್ನಿ."

ನಮ್ಮ ದಡದಲ್ಲಿ ಉಪ್ಪು ಬೆಳೆಯುವುದಿಲ್ಲ ತಾಯಿ. ಮಾವು ಮಿಡಿ ಬಿಡುವ ಕಾಲ. ಕಟ್ಟೆಯ ಹಿರಿಯನಿಗೆ ಉಪ್ಪಿನಕಾಯಿಯಿಲ್ಲದೆ ತುತ್ತು ಇಳಿಯುವುದಿಲ್ಲ. ಅವನ ಮನೆಯಲ್ಲಿ ಜಾಡಿಗಳಿಗೇ ಒಂದು ಕೋಣೆ ಇದೆ, ಸೊಸೆಗೆ ಇಲ್ಲ. ಅವನು ಗಾಣದವನನ್ನು ಕರೆಸಿದ.

"ನೋಡಪ್ಪಾ, ಒಂದು ಹುಡುಗಿ ಒಂದು ಕಡೆ, ಊರಿನ ಮಿಡಿ ಎಲ್ಲ ಒಂದು ಕಡೆ," ಎಂದ.

ಗಾಣದವನು ಮನೆಗೆ ಬಂದು ಮಗಳ ಮುಂದೆ ತಲೆ ತಗ್ಗಿಸಿ ನಿಂತ. ನಾನು ಆಗ ಅಲ್ಲೇ ಇದ್ದೆ, ಎಣ್ಣೆಗೆ ಹೋಗಿದ್ದೆ. ಎಣ್ಣೆ ಸೀಸೆಯಲ್ಲಿ ತುಂಬಿದ ಮೇಲೂ ಇನ್ನೂ ಸ್ವಲ್ಪ ಇದ್ದೆ.

"ನನಗೆ ಬೇಡ," ಎಂದಳು ಹುಡುಗಿ. "ಅವನು ನನ್ನನ್ನು ಮೂಟೆಯ ಕೆಳಗೆ ಇಡುತ್ತಾನೆ. ನಾನು ಗಾಣ ನೋಡಿಕೊಂಡಿರುತ್ತೇನೆ."

"ಊರು ಕೇಳುವುದಿಲ್ಲ ಮಗಳೇ."

"ಊರಿಗೆ ಉಪ್ಪು ಬೇಕಾದರೆ ಊರೇ ಅವನನ್ನು ಮದುವೆಯಾಗಲಿ."

ಆ ಮಾತನ್ನು ನಾನು ಹನ್ನೆರಡು ಮನೆಗೆ ಮುಟ್ಟಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಎಲ್ಲರೂ ನಕ್ಕರು, ಮಿಡಿ ತೊಳೆಯಲು ಹೋದರು.

ಮದುವೆಗೆ ಮೂರು ದಿನ ಮೊದಲಿನಿಂದ ಎರಡು ದಡದವರೂ ಮನಸಾರೆ ಎಲ್ಲಿ ನಿಲ್ಲಬೇಕೆಂದು ಜಗಳವಾಡಿದರು. ಆಚೆಯವರು ಬಾಲದಲ್ಲಿ ಎಂದರು. ನಮ್ಮವರು ಗಂಟೆಯ ಮುಂದೆ ಎಂದರು. ಆಚೆಯವರ ಪುರೋಹಿತ, "ಗಂಟೆ ಆದಮೇಲೆ ಬಂದರೆ ಏನಾಯಿತು, ಊಟವಾದ ಮೇಲೆ ಎಲೆಯಡಿಕೆ ಬರುವುದಿಲ್ಲವೇ?" ಎಂದ. ನಮ್ಮ ಹಿರಿಯ, "ಒಗ್ಗರಣೆಯನ್ನು ಕೈತೊಳೆದ ಮೇಲೆ ಹಾಕುತ್ತಾರೇನಯ್ಯಾ?" ಎಂದ. ಹುಡುಗಿ ಹೋಗಬೇಕೋ ಬೇಡವೋ ಎಂದು ಯಾರೂ ಜಗಳವಾಡಲಿಲ್ಲ. ಕೊನೆಗೆ ಗಂಡಿನ ಸಾಲು ಅವರ ರೀತಿ, ಹೆಣ್ಣಿನ ಸಾಲು ನಮ್ಮ ರೀತಿ ಎಂದು ಒಪ್ಪಂದವಾಯಿತು. ಜಗಳವಾಡಿದ ಮೂರು ದಿನವೂ ಮನಸಾರೆ ತನ್ನ ಹಿತ್ತಲಿನಲ್ಲಿ ಕೂತು ಕಾಲಿನ ಆಣಿಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನು ಗೋಡೆಯ ಮೇಲಿನಿಂದ ಕೇಳಿದೆ, "ಏನೇ, ಎಲ್ಲಿ ನಿಲ್ಲುತ್ತೀಯೇ?"

"ಕಾಲು ಒಯ್ದ ಕಡೆ," ಎಂದಳು.

ಮದುವೆಯ ಬೆಳಿಗ್ಗೆ ಗಂಡಿನ ಸಾಲು ಹೋಯಿತು. ಯಜಮಾನ ಮುಂದೆ, ಅವನ ಬೆನ್ನಿಗೇ ಗಂಟೆ, ಢಣ್. ನಮ್ಮವರಿಗೆ ನಗು ತಡೆಯಲಾಗಲಿಲ್ಲ. ಕತೆ ಮೊದಲೇ ಮುಗಿದಮೇಲೆ ಬಾಲದಲ್ಲಿ ಕುಚ್ಚಿನ ಟೊಪ್ಪಿಯವನು ಬಂದರೆಷ್ಟು ಬಿಟ್ಟರೆಷ್ಟು.

ಆಮೇಲೆ ಹೆಣ್ಣಿನ ಸಾಲು ಹೊರಟಿತು. ಊರವರೆಲ್ಲ ಮದುವೆಯಲ್ಲಿ ಸೀರೆ ನೋಡುತ್ತಾರೆ, ಮೂಗುತಿ ನೋಡುತ್ತಾರೆ. ನಾನು ಕಾಲು ನೋಡುವವಳು. ಮುಖ ಸುಳ್ಳು ಹೇಳುತ್ತದೆ, ಕಾಲಿಗೆ ಅಷ್ಟು ಬುದ್ಧಿಯಿಲ್ಲ.

ನಮ್ಮ ಹೆಣ್ಣುಮಕ್ಕಳು ಮದುವೆಯಲ್ಲಿ ಅಳುವುದು ಮೂರು ಹನಿ. ಸೆರಗಿನ ತುದಿಯಲ್ಲಿ ಒಂದು ಸೀಳು ಈರುಳ್ಳಿ ಕಟ್ಟಿಕೊಂಡು ಹೋಗುತ್ತಾರೆ. ಈ ಹುಡುಗಿಯ ಸೆರಗಿನಲ್ಲಿ ಈರುಳ್ಳಿಯಿರಲಿಲ್ಲ. ಕಟ್ಟೆಯ ಹತ್ತಿರ ಬಂದಾಗ ಅವಳು ಅಳಲು ಶುರುಮಾಡಿದಳು ನೋಡು, ಗಾಣದ ಮರ ಕಿರುಗುಟ್ಟುತ್ತದಲ್ಲ, ಹಾಗೆ, ಹೊಟ್ಟೆಯ ಬುಡದಿಂದ. ಮೂರು ಹನಿ ಹೋಯಿತು, ಮೂವತ್ತು ಹೋಯಿತು. ವಾಲಗದವನು ಊದುವುದನ್ನು ಬಿಟ್ಟು ಬಾಯಿ ಒರೆಸಿಕೊಂಡ. ಅವಳ ಅಳು ಸಾಲಿನ ಉದ್ದಕ್ಕೂ ನೀರಿನ ಹಾಗೆ ಹಿಂದೆ ಹರಿದುಹೋಯಿತು.

ಆಗ ಮನಸಾರೆಯ ಕಾಲು ಅಲುಗಿತು. ನಾನು ಕಂಡೆ. ಎಡಗಾಲು ಮೊದಲು, ಆಮೇಲೆ ಆಣಿಯ ಬಲಗಾಲು. ದೊಡ್ಡ ಗಂಟೆಯವನ ಭುಜ ಬಿಟ್ಟಳು. ಸಣ್ಣ ಗಂಟೆಯವನನ್ನು ದಾಟಿದಳು. ದಾಟಿ, ಅವನ ಮುಂದೆ, ಅಳುವಿಗೆ ಭುಜ ತಾಗಿಸಿ ನಿಂತಳು. ಸಣ್ಣ ಗಂಟೆ ಬಿತ್ತು. ದೊಡ್ಡ ಗಂಟೆ ಬಿತ್ತು. ಎರಡರ ನಡುವೆ ಯಾರೂ ಇರಲಿಲ್ಲ. ಒಂದು ಆಡು ಹೋಗುವಷ್ಟು ಜಾಗ ಖಾಲಿ.

ಅವಳು ಮನಸಾರೆ ಅತ್ತು, ಮದುವೆಯಾದಳು.

ಎರಡನೆಯ ಗಂಟೆಗೆ ಊರಿಗೂರೇ ಎಲೆ ಹಿಡಿಯಲು ಓಡಿತು. ಇಷ್ಟು ದೊಡ್ಡ ಸಂಗತಿ, ಕಂಡವಳು ನಾನೊಬ್ಬಳೇ. ಪಂಕ್ತಿಯಲ್ಲಿ ಕೂತೆ. ಉಪ್ಪು ಬಡಿಸಿದರು, ಹೊಸ ಉಪ್ಪು, ಬೆಳ್ಳಗೆ. ನಾನು ಬಾಯಿ ಬಿಡಬಾರದು ಎಂದೇ ಇದ್ದೆ ತಾಯಿ, ನಿನ್ನಾಣೆ. ಆದರೆ ಹುಳಿ ಬರುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿಕೊಂಡಿತು. ಪಕ್ಕದಲ್ಲಿದ್ದ ಬಳೆಗಾರ್ತಿಯ ಕಿವಿಗೆ ಹೇಳಿದೆ, "ಮದುವೆ ಬೋಳು ಕಣೆ. ಮನಸಾರೆ ಅಳುವಿನ ಮುಂದೆ ನಿಂತಳು." ಹುಳಿಗೆ ಹೊರಟ ಮಾತು ಪಾಯಸಕ್ಕೆ ಪಂಕ್ತಿಯ ತುದಿ ಮುಟ್ಟಿತು, ಮಜ್ಜಿಗೆಗೆ ದಡ ಮುಟ್ಟಿತು. ಹುಡುಗಿಯನ್ನು ಕರೆದುಕೊಂಡು ಯಜಮಾನ ನದಿಗೆ ಹೋದಾಗ ದೋಣಿಯವನು ಹುಟ್ಟನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದ.

"ಬೋಳು ಹತ್ತಿಸುವುದಿಲ್ಲ," ಎಂದ.

ಎಲ್ಲರೂ ಕಟ್ಟೆಗೆ ವಾಪಸ್. ಕೈಯಲ್ಲಿ ಇನ್ನೂ ಎಲೆಯಡಿಕೆ.

"ಏನು ಬೋಳು? ಗಂಟೆ ಬಿದ್ದಿದೆ," ಎಂದ ಉಪ್ಪಿನ ಯಜಮಾನ. "ಆ ಮನಸಾರೆ ಮುದುಕಿ ಸಾಲಿನಲ್ಲಿದ್ದಳೋ ಇಲ್ಲವೋ? ಎಲ್ಲಿದ್ದರೇನು. ಈಗ ಬೇಕಾದರೆ ಬಾಲದಲ್ಲಿ ಬಂದು ನಿಲ್ಲಲಿ, ನಮ್ಮಲ್ಲಿ ನಡೆಯುತ್ತದೆ."

"ನಮ್ಮಲ್ಲಿ ಗಂಟೆಯಾದ ಮೇಲೆ ಏನೂ ಇಲ್ಲ," ಎಂದ ಹಿರಿಯ, ಬೇಸರದಿಂದ. ಅವನಿಗೆ ಜಾಡಿಗಳ ಚಿಂತೆ. ಮನಸಾರೆಯ ಕಡೆ ತಿರುಗಿ ಕೇಳಿದ, "ಏನಮ್ಮಾ, ಎಲ್ಲಿ ನಿಂತಿದ್ದೆ?"

"ಅಳುವಿನ ಮುಂದೆ."

"ನಿನ್ನ ಜಾಗ ಅದಲ್ಲ."

"ನನ್ನ ಜಾಗ ನಾನು ಎಲ್ಲಿದ್ದೇನೋ ಅಲ್ಲಿ. ಆ ಹುಡುಗಿ ಮನಸಾರೆ ಮಾಡಿದ್ದು ಅದೊಂದೇ. ಇಲ್ಲದ ಕಡೆ ಹೋಗಿ ನಿಲ್ಲಲು ನಾನೇನು ಬೇಲಿಗೂಟವೇ?"

"ಇನ್ನೊಮ್ಮೆ ಸಾಲು ಕಟ್ಟೋಣ. ಸರಿಯಾಗಿ ನಿಲ್ಲು, ಮುಗಿದುಹೋಗಲಿ."

"ನಿಲ್ಲುವುದಿಲ್ಲ."

"ನಿಲ್ಲದಿದ್ದರೆ ಶಾಲು ಬಿಚ್ಚಿಸುತ್ತೇನೆ. ಇನ್ನು ಯಾವ ಸಾಲಿಗೂ ನೀನಿಲ್ಲ."

ಅವಳು ಹಿರಿಯನ ಮಾತು ಮುಗಿಯುವ ಮೊದಲೇ ಶಾಲು ಬಿಚ್ಚಿ, ಮಡಚಿ, ಕಟ್ಟೆಯ ಮೇಲಿಟ್ಟಳು. ನಾಲ್ಕು ಮಡಿಕೆ. ಶಾಲಿಲ್ಲದ ಅವಳ ಬೆನ್ನು ಇಷ್ಟು ಸಣ್ಣದೆಂದು ನನಗೂ ಗೊತ್ತಿರಲಿಲ್ಲ.

ಬೇರೆ ಯಾರನ್ನು ನಿಲ್ಲಿಸುವುದೆಂದು ಹುಡುಕಾಡಿದರು. ಸರಸರ ಅವಳಿಗಳು ಮುಂದೆ ಬಂದರು. ಸರಸರ ಮದುವೆಯಾದವಳು ಸರಸರ ಬಿಟ್ಟೂ ಹೋದಾಳು ಎಂದು ಯಜಮಾನ ಒಪ್ಪಲಿಲ್ಲ. ಮೆಲ್ಲಗೆ ಮುದುಕಿಗೆ ಹೇಳಿ ಕಳಿಸಿದರು, ಅವಳು ಹೊರಟಿದ್ದಾಳೆಂದು ಸುದ್ದಿ ಬಂತು, ಅಷ್ಟೇ. ಆಗ ಹೇಗೋ ಎಂಬವನು ರುಮಾಲು ಸರಿಮಾಡಿಕೊಳ್ಳುತ್ತ, "ನಾನು ನಿಲ್ಲುತ್ತೇನೆ ಬಿಡಿ," ಎಂದ.

ಗಾಣದವನ ಹೆಂಡತಿ, "ನೀನು ನಿಲ್ಲಬೇಕಾದ ಮದುವೆಗಳು ಈ ಊರಿನಲ್ಲಿ ಬೇಕಾದಷ್ಟು ಆಗಿಹೋಗಿವೆಯಪ್ಪಾ, ಇದೊಂದು ಬಿಡು," ಎಂದಳು. ಹೆಂಗಸರು ಸೆರಗಿನೊಳಗೆ ನಕ್ಕರು. ಗಂಡಸರು ಆಕಾಶ ನೋಡಿದರು.

ಹಿರಿಯ ಮಾತ್ರ ನಗಲಿಲ್ಲ. "ಹೇಗೋ ನಿಲ್ಲಲಿ. ಸಾಲು ಕಟ್ಟಿ," ಎಂದ.

ಸಾಲು ಕಟ್ಟಿದರು. ಹುಡುಗಿಯನ್ನು ತಲೆಯಲ್ಲಿ ನಿಲ್ಲಿಸಿದರು. ಅವಳ ಬೆನ್ನು ಕಾಣುತ್ತಿತ್ತು, ಹೂ ಜಡೆಯಿಂದ ಜಾರಿತ್ತು. ಗಂಟೆಯವನು ಕೈ ಎತ್ತಿದ. ಆಗ ಅವಳು ತಿರುಗಿದಳು. ಸಾಲಿನ ತಲೆಯಲ್ಲಿದ್ದವಳು, ಪೂರ್ತಿ, ಮೈಯೆಲ್ಲ ಹಿಂದೆ ತಿರುಗಿ, ಒಬ್ಬೊಬ್ಬರ ಮುಖವನ್ನೇ ನೋಡಿದಳು; ಅಪ್ಪನನ್ನು, ಹಿರಿಯನನ್ನು, ಮಿಡಿ ತೊಳೆದ ಕೈಗಳ ಹೆಂಗಸರನ್ನು. ನಮ್ಮ ಊರಿನಲ್ಲಿ ಅದುವರೆಗೆ ಯಾವ ಹೆಣ್ಣೂ ಹಾಗೆ ತಿರುಗಿದ್ದಿಲ್ಲ. ಸಾಲು ತಾನಾಗಿ ಮುರಿದುಬಿತ್ತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗಂಟೆಯವನು ಕಿವಿ ಕೆರೆದುಕೊಂಡ.

ಹುಡುಗಿ ಹಾರ ತೆಗೆದು ಯಜಮಾನನ ಕೈಗೆ ಕೊಟ್ಟು ಹೇಳಿದಳು, "ನೀವು ಉಪ್ಪು ತಂದಿರಿ, ನಾನು ಕಣ್ಣೀರು ಕೊಟ್ಟೆ. ಉಪ್ಪಿಗೆ ಉಪ್ಪು ಸರಿಹೋಯಿತು." ಹೇಳಿ ಗಾಣಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಮರ ಕಿರುಗುಟ್ಟುವ ಸದ್ದು ಕೇಳಿತು. ಮದುವೆಯ ಸೀರೆಯಲ್ಲೇ ಗಾಣ ತಿರುಗಿಸುತ್ತಿದ್ದಳಂತೆ. ಅಂತೆ ಏನು, ನಾನೇ ಹೋಗಿ ನೋಡಿದೆ.

ಉಪ್ಪು ನಿಂತಿತು. ಆ ವರ್ಷದ ಮಿಡಿಗೆಲ್ಲ ಬೂಷ್ಟು ಹಿಡಿಯಿತು. ಹಿರಿಯ ಸಪ್ಪೆ ಅನ್ನದ ಮುಂದೆ ಕೂತು ದಿನಕ್ಕೆ ಎರಡು ಸಲ ಮನಸಾರೆಯನ್ನು ಬೈದ. ಮದುವೆಗಳಿಗೆ ಈಗ ಹೇಗೋ ನಿಲ್ಲುತ್ತಾನೆ. ಊರಿನ ಮುಖದಲ್ಲಿ ಏನೂ ವ್ಯತ್ಯಾಸ ಕಾಣದು. ಬಾವಿಕಟ್ಟೆಯಲ್ಲಿ ಮನಸಾರೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಾರೆ. ಅವಳ ಹೊಸ್ತಿಲಿನಲ್ಲಿ ಯಾರೋ ಬೂಷ್ಟು ಹಿಡಿದ ಮಿಡಿ ಸುರಿದು ಹೋಗಿದ್ದರು. ಯಾರೆಂದು ನನಗೆ ಗೊತ್ತು, ಇನ್ನೊಂದು ದಿನ ಕೇಳು.

ಮೊನ್ನೆ ತಡೆಯಲಾರದೆ ಅವಳ ಮನೆಗೆ ಹೋದೆ. ಕನಿಕರದಿಂದ ಹೋದೆ ಎಂದುಕೊ. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ಪಾಪ ಕಣೆ," ಎಂದೆ. "ಒಂದು ಹೆಜ್ಜೆ ತಪ್ಪಿ ಇಟ್ಟದ್ದಕ್ಕೆ ಎಷ್ಟು ಆಯಿತು. ನಾನಂತೂ ಯಾರ ಹತ್ತಿರವೂ..."

"ನೀನೇ ಹೇಳಿದ್ದು," ಎಂದಳು. "ಹೇಳಲಿ ಎಂದೇ ನೀನು ಕೂತಿದ್ದ ಕಡೆಯಿಂದ ದಾಟಿದೆ. ಸುಮ್ಮನೆ ನಿಂತು ಬಂದಿದ್ದರೆ ಒಬ್ಬರೂ ನೋಡುತ್ತಿರಲಿಲ್ಲ, ಹುಡುಗಿ ದೋಣಿ ಹತ್ತುತ್ತಿದ್ದಳು. ಇಡೀ ಊರಿನಲ್ಲಿ ನಾನು ನಂಬಿದ್ದು ನಿನ್ನ ಬಾಯಿಯೊಂದನ್ನೇ."

ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಹೊಗಳಿಕೆಯೆಂದೇ ಇಟ್ಟುಕೊಂಡು ಸ್ವಲ್ಪ ನೆಟ್ಟಗೆ ಕೂತೆ. "ಆದರೂ ಇಷ್ಟು ವರ್ಷ ಒಂದು ಸಲವೂ ಜಾಗ ಬಿಟ್ಟವಳಲ್ಲ ನೀನು," ಎಂದೆ. "ನಮ್ಮ ಕಾಲದವರ ಮದುವೆಗೆಲ್ಲ ಎಷ್ಟು ಸರಿಯಾಗಿ ನಿಂತೆ. ನಮ್ಮದಕ್ಕೂ."

ಅವಳು ಆಣಿಗೆ ಸುಣ್ಣ ಹಚ್ಚುತ್ತ, ತಲೆಯೂ ಎತ್ತದೆ, ನನ್ನ ಮುಖಕ್ಕೇ ಹೇಳಿದಳು:

"ನಿನ್ನ ಸಾಲಿನಲ್ಲಿ ಸರಿಯಾಗಿಯೇ ನಿಂತೆ ಕಣೆ. ನಿನ್ನ ಗಂಡನ ಸಾಲಿನಲ್ಲಿ ನನ್ನ ಕಾಲು ಊಟದ ಗಂಟೆಯ ಮುಂದಕ್ಕೆ ಹೋಯಿತು. ಏನು ಮಾಡಲಿ, ಆ ಮನುಷ್ಯ ಅವತ್ತು ಮನಸಾರೆ ಉಂಡ."